ತಿಪ್ಪೆಯ ಚರಿತ್ರೆ

ಅರಸರ ಚರಿತ್ರೆಯನ್ನು ಬರೆಯುವವರಿಗೆ ಶಾಸನಗಳುಂಟು, ದೇವಾಲಯಗಳ ಚರಿತ್ರೆಗೆ ಶಿಲ್ಪವುಂಟು. ತಿಪ್ಪೆಯ ಚರಿತ್ರೆಯನ್ನು ಬರೆಯಹೊರಟರೆ ಕೈಗೆ ಸಿಕ್ಕುವ ಮೊದಲನೆಯ ಸಾಕ್ಷಿ ನಮ್ಮ ಮಾತೇ. ಯಾರಾದರೂ ತಪ್ಪನ್ನು ಮೇಲೆಮೇಲೆ ಮುಚ್ಚಿ ಅಂದಗಾಣಿಸಿದರೆ ತಿಪ್ಪೆ ಸಾರಿಸಿದರೆನ್ನುತ್ತೇವೆ. ಲೋಕದ ಏಳುಬೀಳುಗಳನ್ನು ನೋಡಿದ ಹಿರಿಯರು, ತಿಪ್ಪೆ ಹೋಗಿ ಉಪ್ಪರಿಗೆಯಾದೀತು, ಉಪ್ಪರಿಗೆ ಹೋಗಿ ತಿಪ್ಪೆಯಾದೀತು ಎಂದರು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣನೆಂದೋ ತಿಪ್ಪಮ್ಮನೆಂದೋ ಹೆಸರಿಡುವ ಪದ್ಧತಿಯಿತ್ತು. ಕಸವೆಂದು ಕರೆದರೆ ಯಮನು ಕಣ್ಣೆತ್ತಿ ನೋಡನೆಂಬ ನಂಬಿಕೆ ಅದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ರಥೋತ್ಸವಕ್ಕೆ ಜನಸಾಗರವೇ ನೆರೆಯುತ್ತದೆ. ದೀಪಾವಳಿಯಲ್ಲಿ ಹಲವು ಹಳ್ಳಿಗಳವರು ಮನೆಯ ಹೊಸಲಿಗೆ ಇಟ್ಟಂತೆಯೇ ತಿಪ್ಪೆಗೂ ಒಂದು ದೀಪವನ್ನಿಡುತ್ತಾರೆ. ಒಂದೇ ವಸ್ತುವನ್ನು ಹೀಗೆ ಬೈಗುಳಕ್ಕೂ ಪೂಜೆಗೂ ಬಳಸಿಕೊಂಡ ಜನ ಅದರ ವಿಷಯದಲ್ಲಿ ನಿಜವಾಗಿ ಏನನ್ನು ತಿಳಿದಿದ್ದರು, ಏನನ್ನು ಕಾಣದೆ ಹೋದರು ಎಂಬುದನ್ನು ಇಂದು ಕೊಂಚ ವಿಚಾರ ಮಾಡೋಣ.

ಮಾನವನು ಸಗಣಿಯನ್ನು ಗುಡ್ಡೆ ಹಾಕಿದ ಕೂಡಲೇ ಅದು ಗೊಬ್ಬರವಾಗಲಿಲ್ಲ. ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಬೂದಿದಿಬ್ಬಗಳೆಂಬ ದೊಡ್ಡ ರಾಶಿಗಳಿವೆ. ಇವು ಅಗ್ನಿಪರ್ವತದ ಬೂದಿಯೆಂದೂ ಪುರಾಣಕಾಲದ ಯಜ್ಞದ ಅವಶೇಷವೆಂದೂ ಜನ ಹೇಳುತ್ತಿದ್ದರು. ಆದರೆ ಇವು ಶಿಲಾಯುಗದ ಕೊನೆಯ ಘಟ್ಟದ ದನಗಾಹಿಗಳು ತಮ್ಮ ದೊಡ್ಡಿಗಳಲ್ಲಿ ಸಗಣಿಯನ್ನು ಒಟ್ಟಿ, ಮತ್ತೆ ಮತ್ತೆ ಸುಟ್ಟದ್ದರ ಫಲವೆಂದು ಈಗ ಪುರಾತತ್ತ್ವಜ್ಞರು ಒಪ್ಪುತ್ತಾರೆ. ಈ ವಿಷಯದಲ್ಲಿ ಆಲ್ಚಿನ್ ಅವರ ಗ್ರಂಥ 1963ರಲ್ಲಿ ಪ್ರಕಟವಾಯಿತು. ಸಾವಿರಾರು ವರ್ಷಗಳ ಹಿಂದಿನ ಆ ಜನ ಸಗಣಿಯನ್ನು ಸುಟ್ಟರು. ಅವರ ನಂತರದ ರೈತರು ಅದನ್ನು ಕೊಳೆಸಿದರು. ಸುಡುವುದರಿಂದ ಕೊಳೆಸುವುದಕ್ಕೆ ಬಂದ ಈ ಬದಲಾವಣೆಯನ್ನು ಯಾವ ಶಾಸನವೂ ಕೊಂಡಾಡಿಲ್ಲ. ನೇಗಿಲಿನ ಆವಿಷ್ಕಾರಕ್ಕೆ ಕೊಡುವ ಮರ್ಯಾದೆಯಲ್ಲಿ ಅರ್ಧವನ್ನಾದರೂ ಇದಕ್ಕೆ ಕೊಡಬೇಕೆಂದು ನಮಗೆ ತೋರುತ್ತದೆ.

ತಿಪ್ಪೆಯ ಸಂಸಾರ ಹೇಗಿತ್ತೆಂಬುದನ್ನು ತಿಳಿಯಲು ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿಗೆ ಸೇರಿದ ಹಳೇಕೋಟೆ ಹೋಬಳಿಯಂಥ ಒಂದು ಸೀಮೆಯನ್ನು ತೆಗೆದುಕೊಳ್ಳಬಹುದು. ಒಂದು ಕಡೆ ಹೇಮಾವತಿಯ ನೀರು ಕಂಡ ಗದ್ದೆಗಳು, ಇನ್ನೊಂದು ಕಡೆ ಮಳೆಯನ್ನೇ ನಂಬಿದ ರಾಗಿಯ ಹೊಲಗಳು. ಗದ್ದೆಗೆ ಹೊಂಗೆಯ ಸೊಪ್ಪನ್ನು ತುಳಿದರೂ ನಡೆಯುತ್ತಿತ್ತು. ಕೆಮ್ಮಣ್ಣಿನ ರಾಗಿಹೊಲಕ್ಕೆ ಮಾತ್ರ ತಿಪ್ಪೆಯೇ ಗತಿ. ಆದಕಾರಣ ಇಂಥ ಊರಿನ ಮನೆಯಲ್ಲಿ 'ಎಸೆಯುವುದು' ಎಂಬ ಕ್ರಿಯಾಪದಕ್ಕೆ ಪಟ್ಟಣದಲ್ಲಿರುವ ಅರ್ಥವೇ ಇರಲಿಲ್ಲ. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿಯ ಸಿಪ್ಪೆಗಳು ಕಲಗಚ್ಚಿನ ಬಾನಿಗೆ ಬೀಳುತ್ತಿದ್ದವು. ಅದನ್ನು ಕುಡಿದ ಎಮ್ಮೆ ಸಗಣಿಯ ರೂಪದಲ್ಲಿ ಲೆಕ್ಕ ಒಪ್ಪಿಸುತ್ತಿತ್ತು. ಬಚ್ಚಲ ನೀರು ಹಿತ್ತಲಿನ ಬಾಳೆಗೂ ಕೆಸುವಿನ ಗಡ್ಡೆಗೂ ಹರಿಯುತ್ತಿತ್ತು. ಒಲೆಯ ಬೂದಿ ಮೊದಲು ಪಾತ್ರೆ ತಿಕ್ಕುವುದಕ್ಕೆ, ಬಿತ್ತನೆಯ ಕಾಳಿಗೆ ಹುಳು ಹತ್ತದಂತೆ ಬೆರೆಸುವುದಕ್ಕೆ, ಅವರೆ ಬದನೆಗಳ ಮೇಲೆ ಎರಚುವುದಕ್ಕೆ ವಿನಿಯೋಗವಾಗಿ, ಉಳಿದದ್ದು ಮಂಕರಿಯಲ್ಲಿ ತಿಪ್ಪೆಗೆ ನಡೆಯುತ್ತಿತ್ತು.

ಇವೆಲ್ಲ ನಾವು ಊಹಿಸಬಹುದಾದ ಕಸಗಳು. ಊಹಿಸದವು ಇನ್ನೂ ಹಲವುಂಟು. ಉಟ್ಟು ಹರಿದು, ಮಸಿಬಟ್ಟೆಯಾಗಿ, ಅದಕ್ಕೂ ಬಾರದೆ ಹೋದ ಹತ್ತಿಯ ಚಿಂದಿ, ಮದುವೆಯ ಊಟ ಮುಗಿದ ಮೇಲಿನ ರಾಶಿ ರಾಶಿ ಮುತ್ತುಗದ ಎಲೆ, ಹಳೆಯ ಪೊರಕೆ, ಹರಿದ ಈಚಲ ಚಾಪೆ, ಹುರಿ ಬಿಚ್ಚಿದ ಸೆಣಬಿನ ಹಗ್ಗ, ಕೋಳಿಯ ಗರಿ, ಮನೆಯ ಮೇಲಿಂದ ಇಳಿಸಿದ ಹಳೆಯ ಹುಲ್ಲು ಹೊದಿಕೆ, ಒಲೆಯ ಹೊಗೆಯಲ್ಲಿ ಕಪ್ಪಾದ ಆ ಹುಲ್ಲಿನಲ್ಲಿ ಹೆಚ್ಚಿನ ಕಸುವಿರುತ್ತದೆಂದು ರೈತರು ಬಲ್ಲರು. ಕೂದಲಿನ ಗತಿ ಮಾತ್ರ ಬೇರೆಯಾಗಿತ್ತು. ಬಾಚಿ ಬಂದ ಕೂದಲು ಮಾಟ ಮಾಡುವವರ ಕೈಗೆ ಸಿಕ್ಕಬಾರದೆಂದು ಹೆಂಗಸರು ಅದನ್ನು ಸುತ್ತಿ ಗೋಡೆಯ ಸಂದಿನಲ್ಲಿ ತುರುಕುತ್ತಿದ್ದರು, ಇಲ್ಲವೆ ಬೀದಿಯಲ್ಲಿ ಬಂದ ವ್ಯಾಪಾರಿಗೆ ಕೊಟ್ಟು ಪಿನ್ನೋ ಪಾತ್ರೆಯೋ ಪಡೆಯುತ್ತಿದ್ದರು. ರಸಾಯನಶಾಸ್ತ್ರದ ಕಣ್ಣಿಗೆ ಇದು ನಷ್ಟವೇ ಸರಿ, ಏಕೆಂದರೆ ಕೂದಲಿನ ತೂಕದಲ್ಲಿ ನೂರಕ್ಕೆ ಸುಮಾರು 15 ಭಾಗ ಸಾರಜನಕ. ಒಳ್ಳೆಯ ಕೊಟ್ಟಿಗೆ ಗೊಬ್ಬರದಲ್ಲಿಯೂ ಅದು ಅರ್ಧ ಭಾಗದ ಆಸುಪಾಸಿನಲ್ಲಿರುತ್ತದೆ. ಆದರೆ ಕೂದಲು, ಗರಿ, ಉಗುರುಗಳನ್ನು ಕಟ್ಟಿರುವ ಕೆರಟಿನ್ ಎಂಬ ಪದಾರ್ಥ ಬಲು ಹಟಮಾರಿ. ಸೊಪ್ಪು ಕರಗುವ ಅವಧಿಯಲ್ಲಿ ಅದು ಕರಗುವುದಿಲ್ಲ. ವರ್ಷಾನುಗಟ್ಟಲೆ ಕಾಯುವ ತಿಪ್ಪೆಗೆ ಇದು ದೊಡ್ಡ ಸಂಗತಿಯೇನೂ ಆಗಿರಲಿಲ್ಲ. ಸುಗ್ಗಿಯಿಂದ ಸುಗ್ಗಿಗೆ ಬೆಳೆದ ತಿಪ್ಪೆಯನ್ನು ಬೇಸಗೆಯಲ್ಲಿ ಬಗೆದು, ಯುಗಾದಿಯ ಆಚೆ ಈಚೆ ಗಾಡಿಗಳಲ್ಲಿ ಗೊಬ್ಬರ ಹೊಡೆದು ಮುಗಿಸಿದರೆ, ಮೊದಲ ಮಳೆಯ ಉಳುಮೆಯಲ್ಲಿ ಅದು ಮಣ್ಣಿಗೆ ಸೇರುತ್ತಿತ್ತು.

ಹಳೆಯ ಕೋಟೆ ಎಂಬ ಹೆಸರನ್ನು ಹೊತ್ತ ಊರಿನ ಮಾತು ಬಂದಾಗ, ಮನೆಯ ಕಸಕ್ಕೂ ಕೋಟೆಗೂ ಇದ್ದ ಒಂದು ವಿಚಿತ್ರ ಸಂಬಂಧವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಜನ ದನಗಳು ತಲೆಮಾರುಗಟ್ಟಲೆ ವಾಸಿಸಿದ ಜಾಗದ ಮಣ್ಣಿಗೆ ಗಂಜಳವೂ ಬಚ್ಚಲ ನೀರೂ ಇಂಗಿ, ಮಣ್ಣಿನ ಸೂಕ್ಷ್ಮಜೀವಿಗಳ ಕೆಲಸದಿಂದ ಅದರಲ್ಲಿ ನೈಟ್ರೇಟ್ ಎಂಬ ಲವಣ ಹುಟ್ಟುತ್ತದೆ. ಹಾಳೂರಿನ ಮಣ್ಣನ್ನೂ ಬಿದ್ದ ಗೋಡೆಯ ಮಣ್ಣನ್ನೂ ರೈತ ಗಾಡಿಯಲ್ಲಿ ಹೊತ್ತು ಹೊಲಕ್ಕೆ ಚೆಲ್ಲುತ್ತಿದ್ದುದು ಈ ಲವಣಕ್ಕಾಗಿಯೇ. ಅದೇ ಮಣ್ಣನ್ನು ನೀರಿನಲ್ಲಿ ಕಲಕಿ, ಸೋಸಿ, ಕಾಯಿಸಿದರೆ ಪೆಟ್ಲುಪ್ಪು. ಪೆಟ್ಲುಪ್ಪಿಗೆ ಗಂಧಕವೂ ಇದ್ದಿಲೂ ಸೇರಿದರೆ ಕೋವಿಮದ್ದು. ಹೈದರಾಲಿ, ಟಿಪ್ಪೂ ಸುಲ್ತಾನರ ಬಾಣಗಳನ್ನು ಹಾರಿಸಿದ ಮದ್ದಿಗೂ ರೈತನ ರಾಗಿಯ ತೆನೆಗೂ ಬೇಕಾಗಿದ್ದ ಸಾರ ಒಂದೇ. ಅದು ಹುಟ್ಟುತ್ತಿದ್ದ ಜಾಗವೂ ಒಂದೇ, ಊರಿನ ಮಲಿನವಾದ ಮಣ್ಣು.

ಇಷ್ಟನ್ನು ಹೇಳಿ, ಹಿಂದಿನವರು ಎಲ್ಲವನ್ನೂ ತಿಳಿದಿದ್ದರೆಂದು ಕೈಮುಗಿದು ನಿಲ್ಲುವುದು ಸುಲಭ. ಆದರೆ ತಿಪ್ಪೆಯ ಕ್ರಮದಲ್ಲಿ ದೋಷಗಳೂ ಇದ್ದವು. ಬೂದಿ ಕ್ಷಾರವಸ್ತು. ಹಸಿ ಸಗಣಿಯೂ ಗಂಜಳವೂ ಇರುವ ಕಡೆ ಅದನ್ನು ಸುರಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ತಿಪ್ಪೆಯ ಬಳಿ ಮೂಗಿಗೆ ಬಡಿಯುವ ಘಾಟು ಹೊಲಕ್ಕೆ ಸೇರಬೇಕಾಗಿದ್ದ ಕಸುವೇ. ಮೇಲೆ ಹೊದಿಕೆಯಿಲ್ಲದ ತಿಪ್ಪೆಯನ್ನು ಬಿಸಿಲು ಒಣಗಿಸುತ್ತಿತ್ತು, ಮಳೆ ತೊಳೆಯುತ್ತಿತ್ತು. ಕೊಟ್ಟಿಗೆಯ ನೆಲಕ್ಕೆ ಇಂಗಿದ ಗಂಜಳವನ್ನು ಹಿಡಿದಿಡುವ ಏರ್ಪಾಡು ಅಪರೂಪ. ಇದೆಲ್ಲಕ್ಕಿಂತ ಹಿರಿದಾದ ನಷ್ಟ ಬೆರಣಿಯದು. ಭಾರತದ ಬೇಸಾಯವನ್ನು ಪರೀಕ್ಷಿಸಲು ಬಂದ ವೋಲ್ಕರ್ ಎಂಬ ರಸಾಯನಜ್ಞನು 1893ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ ನಮ್ಮ ರೈತನ ಜಾಣ್ಮೆಯನ್ನು ಮೆಚ್ಚಿಕೊಂಡನು. ಸಗಣಿಯನ್ನು ಸುಡುವುದಕ್ಕೆ ಕಾರಣ ರೈತನ ದಡ್ಡತನವಲ್ಲ, ಸೌದೆಯ ಅಭಾವವೆಂದೂ ಹೇಳಿದನು. ಮಲೆನಾಡಿನ ಅಂಚಿನ ಅರಕಲಗೂಡಿನವರಿಗೆ ಸೌದೆ ದೊರೆತಷ್ಟು ಚನ್ನರಾಯಪಟ್ಟಣದ ಬಯಲಿನವರಿಗೆ ದೊರೆಯದೆಂಬುದನ್ನು ನೆನೆದರೆ ಆ ಮಾತಿನ ನಿಜ ತಿಳಿಯುತ್ತದೆ.

ಇನ್ನು, ಹೇಳಲು ಸಂಕೋಚವಾದರೂ ಹೇಳದೆ ಬಿಟ್ಟರೆ ಈ ಚರಿತ್ರೆ ನಿಜವಾಗಿಯೂ ತಿಪ್ಪೆ ಸಾರಿಸಿದಂತಾಗುವ ವಿಷಯಕ್ಕೆ ಬರೋಣ. ಮನೆಯ ಕಸಗಳಲ್ಲೆಲ್ಲ ಸಾರವತ್ತಾದುದು ಮನುಷ್ಯನ ಮಲಮೂತ್ರ. ಹಳ್ಳಿಯಲ್ಲಿ ಅದು ಬಯಲಿನ ಪಾಲಾಯಿತು. ಪಟ್ಟಣದಲ್ಲಿ ಹಾಗಾಗುವಂತಿರಲಿಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯ ಪ್ರವಾಸವನ್ನು ಕೈಕೊಂಡ ಫ್ರಾನ್ಸಿಸ್ ಬುಕಾನನ್ ರೈತರ ತಿಪ್ಪೆಗುಂಡಿಗಳನ್ನು ಗಮನಿಸಿ ಬರೆದನು. ಕೊಟ್ಟಿಗೆಯ ಸಗಣಿ ಹುಲ್ಲುಗಳೊಡನೆ ಮನೆಯ ಬೂದಿಯೂ ಕಸವೂ ಅದರಲ್ಲಿ ಬೀಳುತ್ತಿದ್ದುದನ್ನು ಕಂಡನು. ದೊಡ್ಡ ಊರಿನ ಹತ್ತಿರದ ರೈತರು ಎತ್ತಿನ ಮೇಲೆ ಗೋಣಿಗಳನ್ನು ಹೇರಿಕೊಂಡು ಬಂದು, ಊರು ಗುಡಿಸುವವರಿಂದ ಬೂದಿಯನ್ನೂ ಮಲವನ್ನೂ ಪಡೆದು ಹೊಲಕ್ಕೆ ಸಾಗಿಸುತ್ತಿದ್ದ ಸಂಗತಿಯೂ ಅವನ ಗ್ರಂಥದಲ್ಲಿದೆ. ಊರಿಗೂ ಹೊಲಕ್ಕೂ ನಡುವೆ ಹೀಗೆ ಒಂದು ವ್ಯಾಪಾರವಿತ್ತು. ಆ ವ್ಯಾಪಾರದ ನಡುವೆ ಒಬ್ಬ ಮನುಷ್ಯನು ನಿಂತಿದ್ದನು. ಬುಕಾನನ್ ಅವನ ಜಾತಿಯ ಹೆಸರನ್ನು ಬರೆದು ಮುಂದೆ ನಡೆದನು. ಅವನ ನಂತರ ಗೊಬ್ಬರದ ವಿಷಯವನ್ನು ಬರೆದವರಲ್ಲಿ ಬಹುಮಂದಿ ಅಷ್ಟನ್ನೂ ಮಾಡಲಿಲ್ಲ.

ಬ್ರಿಟಿಷರ ಕಾಲದಲ್ಲಿ ಈ ಕೆಲಸಕ್ಕೆ ಕನ್ಸರ್ವೆನ್ಸಿ ಎಂಬ ಇಲಾಖೆಯ ಹೆಸರು ಬಂತು. ಆ ಮಾತಿನ ಮೂಲಾರ್ಥ ಕಾಪಾಡುವುದು, ಉಳಿಸುವುದು; ಊರಿನ ಹೊಲಸನ್ನು ಕಣ್ಣಿಗೆ ಬೀಳದಂತೆ ಹೊರಗೆ ಸಾಗಿಸುವ ವ್ಯವಸ್ಥೆಗೆ ಇಂಥ ಹೆಸರು ಬಂದುದು ವಿನೋದವೇ. 1898ರಲ್ಲಿ ಬೆಂಗಳೂರನ್ನು ಪ್ಲೇಗು ಹೊಕ್ಕಿತು. ಆ ದಶಕದಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಸಾಲಿನ ಹಿಂದೆ ಕಿರಿದಾದ ಕನ್ಸರ್ವೆನ್ಸಿ ಗಲ್ಲಿಗಳನ್ನು ಬಿಟ್ಟರು. ಮುಂದಿನ ಬಾಗಿಲಿನಲ್ಲಿ ರಂಗೋಲಿ, ಹಿಂದಿನ ಗಲ್ಲಿಯಲ್ಲಿ ಬಕೆಟ್ಟು. ಮನೆಯೊಡೆಯನು ತನ್ನ ಕಸವನ್ನು ಒಯ್ಯುವವನ ಮುಖವನ್ನು ಜೀವಮಾನದಲ್ಲಿ ಒಮ್ಮೆಯೂ ನೋಡದೆ ಇರಬಹುದಾದಂಥ ನಕ್ಷೆ ಅದು. ಪಟ್ಟಣ ನಿರ್ಮಾಣದ ಇತಿಹಾಸಕಾರರು ಆ ಬಡಾವಣೆಗಳ ಅಗಲವಾದ ಬೀದಿಗಳನ್ನು ಹೊಗಳುತ್ತಾರೆ. ಹಿಂದಿನ ಗಲ್ಲಿಯೂ ಆ ನಕ್ಷೆಯಲ್ಲಿಯೇ ಇದೆ.

ವಿಜ್ಞಾನವು ಇದರೊಳಕ್ಕೆ ಪ್ರವೇಶಿಸಿದ್ದು ನಮ್ಮ ರಾಜ್ಯದಲ್ಲಿಯೇ. 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ, ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆದ ವಿಜ್ಞಾನಮಂದಿರಕ್ಕೆ 1916ರಲ್ಲಿ ಗಿಲ್ಬರ್ಟ್ ಫೌಲರ್ ಪ್ರಾಧ್ಯಾಪಕನಾಗಿ ಬಂದನು. ಚರಂಡಿಯ ನೀರನ್ನು ಗಾಳಿ ಊದಿ ಶುದ್ಧಮಾಡುವ ಕ್ರಮ 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅವನ ಪ್ರೇರಣೆಯಿಂದಲೇ ಹುಟ್ಟಿತ್ತು. ಹೊಲಸಿನಲ್ಲಿರುವ ಸಾರಜನಕವನ್ನು ಹಾಳುಗೆಡವದೆ ಮಣ್ಣಿಗೆ ಹಿಂತಿರುಗಿಸುವುದು ಹೇಗೆಂಬುದು ಅವನ ಬಾಳಿನ ಪ್ರಶ್ನೆಯಾಗಿತ್ತು. ಇತ್ತ ಇಂದೋರಿನಲ್ಲಿ ಆಲ್ಬರ್ಟ್ ಹೊವಾರ್ಡನು 1924ರಿಂದ 1931ರವರೆಗೆ ನಡೆಸಿದ ಪ್ರಯೋಗಗಳು ಯಶವಂತ ವಾಡ್ ಅವರ ಸಹಕಾರ್ಯದಿಂದ ಗ್ರಂಥರೂಪಕ್ಕೆ ಬಂದವು. ಕಡ್ಡಿಕಸ, ಸಗಣಿ, ಗಂಜಳ ಕುಡಿದ ಮಣ್ಣು, ಬೂದಿ ಇವನ್ನು ಪದರಪದರವಾಗಿ ಹಾಕಿ, ಗಾಳಿಯಾಡುವಂತೆ ಆಗಾಗ ಮಗುಚಿದರೆ ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಇದು ಇಂದೋರ್ ಕ್ರಮ.

ಮಗುಚುವುದು ಎಂದೆವು. ಸೊಪ್ಪು ಸಗಣಿಗಳನ್ನು ಮಗುಚುವುದಕ್ಕೆ ಆಳು ದೊರೆಯುತ್ತಾನೆ. ಊರಿನ ಮಲವನ್ನು ಮಗುಚುವವರಾರು? ದುರ್ಗಂಧ, ನೊಣ, ರೋಗ ಇವುಗಳಿಗೆ ಉತ್ತರವೇನು? 1939ರಲ್ಲಿ ಅದೇ ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ಡಾಕ್ಟರ್ ಸಿ. ಎನ್. ಆಚಾರ್ಯರು ಕೊಟ್ಟ ಉತ್ತರಕ್ಕೆ ಬೆಂಗಳೂರು ಕ್ರಮವೆಂದೇ ಹೆಸರಾಯಿತು. ಸುಮಾರು ಒಂದು ಮೀಟರು ಆಳದ ಗುಂಡಿ. ಊರಿನ ಕಸದ್ದೊಂದು ದಪ್ಪ ಪದರ, ಅದರ ಮೇಲೆ ಮಲದ ತೆಳು ಪದರ, ಮತ್ತೆ ಕಸ. ಗುಂಡಿ ತುಂಬಿದ ಮೇಲೆ ಕಸದ ಹೊದಿಕೆ. ಕೊನೆಗೆ ಅದರ ಮೇಲೆಲ್ಲ ಕೆಸರುಮಣ್ಣಿನ ಸಾರಣೆ. ಮೊದಲ ಎಂಟು ಹತ್ತು ದಿನ ಒಳಗಿರುವ ಗಾಳಿಯ ಬಲದಿಂದ ಕೊಳೆಯುವಿಕೆ ಭರದಿಂದ ನಡೆದು ಗುಂಡಿ ಕಾಯುತ್ತದೆ. ಆ ಬಿಸಿಯೂ ಅನಂತರದ ದೀರ್ಘವಾಸವೂ ರೋಗಾಣುಗಳ ಮತ್ತು ಹೊಟ್ಟೆಹುಳುಗಳ ಮೊಟ್ಟೆಗಳ ಬಲವನ್ನು ಮುರಿಯುತ್ತವೆ. ಗಾಳಿ ತೀರಿದ ಮೇಲೆ ಮಿಕ್ಕ ಕೆಲಸ ನಿಧಾನವಾಗಿ ಸಾಗುತ್ತದೆ. ಆರರಿಂದ ಎಂಟು ತಿಂಗಳು ಯಾರೂ ಮುಟ್ಟಬೇಕಾದುದಿಲ್ಲ, ಮಗುಚಬೇಕಾದುದಿಲ್ಲ. ತಿಪ್ಪೆ ಸಾರಿಸುವುದು ಎಂಬ ಮಾತನ್ನು ನಿಂದೆಗೆ ಬಳಸಿದ ಕನ್ನಡಿಗರ ರಾಜ್ಯದಲ್ಲಿಯೇ ಅದು ಒಂದು ವೈಜ್ಞಾನಿಕ ಕ್ರಮವಾಯಿತೆನ್ನುವುದು ಸ್ವಾರಸ್ಯವಾಗಿದೆ. ಮಹಾಯುದ್ಧದ ಕಾಲದ ಆಹಾರಾಭಾವದಲ್ಲಿ, ಹೆಚ್ಚು ಬೆಳೆಯಿರೆಂಬ ಚಳವಳಿಯ ದಿನಗಳಲ್ಲಿ ಈ ಕ್ರಮ ದೇಶದ ಅನೇಕ ಪುರಸಭೆಗಳಿಗೆ ಹಬ್ಬಿತು. 1947ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಕಾಂಪೋಸ್ಟ್ ಸಮ್ಮೇಳನ ಸೇರಿತು. ಮೀರಾಬೆನ್ ಅದಕ್ಕಾಗಿ ಶ್ರಮಿಸಿದರು, ಗಾಂಧೀಜಿ ತಮ್ಮ ಕೊನೆಯ ದಿನಗಳಲ್ಲಿ 'ಹರಿಜನ' ಪತ್ರಿಕೆಯಲ್ಲಿ ಅದರ ವಿಷಯವಾಗಿ ಬರೆದರು.

ಆಚಾರ್ಯರ ಗುಂಡಿ ಮಗುಚುವವನನ್ನು ಬಿಡುಗಡೆ ಮಾಡಿತು. ಹೊತ್ತು ತರುವವನನ್ನು ಬಿಡುಗಡೆ ಮಾಡಲಿಲ್ಲ. ಇದಕ್ಕಾಗಿ ವಿಜ್ಞಾನಿಯನ್ನು ದೂರುವಂತಿಲ್ಲ. ಅವರ ಕೈಲಿದ್ದುದು ಗುಂಡಿಯ ಬಾಯಿಂದ ಮುಂದಿನ ಕೆಲಸ; ಮನೆಯ ಹಿಂಬಾಗಿಲಿನಿಂದ ಗುಂಡಿಯವರೆಗಿನ ದಾರಿ ಸಮಾಜದ ಕೈಯಲ್ಲಿತ್ತು, ಸಮಾಜ ಅದನ್ನು ಹುಟ್ಟಿನಿಂದಲೇ ಕೆಲವರ ತಲೆಗೆ ಕಟ್ಟಿತ್ತು. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸುವ ಕ್ರಮವನ್ನು 1970ರ ದಶಕದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಕೈಗೊಂಡರು. 1973ರಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಎಂದ ಅವರ ಒಂದು ಮಾತಿಗಾಗಿ ಎದ್ದ ಗದ್ದಲವನ್ನು ವಿದ್ಯಾವಂತರಾದ ನಾವು ಇಂದಿಗೂ ಮರೆತಿಲ್ಲ. ಈ ಆಜ್ಞೆಯನ್ನು ನೆನೆಯುವವರು ಕಡಿಮೆ. ಕೇಂದ್ರದ ಶಾಸನ 1993ರಲ್ಲಿ ಬಂತು. ಅದು ಬಂದು ಹದಿನೇಳು ವರ್ಷಗಳಾದ ಮೇಲೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಮನೆಗಳಿಂದ ಎಬ್ಬಿಸುವುದನ್ನು ಪ್ರತಿಭಟಿಸಿ, ಮಲವನ್ನು ಮೈಮೇಲೆ ಸುರಿದುಕೊಂಡು ನಿಂತರು. ಇನ್ನೂ ಬಲವಾದ ಶಾಸನ 2013ರಲ್ಲಿ ಆಯಿತು.

ಈ ನಡುವೆ ತಿಪ್ಪೆಗೂ ಕಾಲ ಕೆಟ್ಟಿತು. ಬೆಂಗಳೂರು ಕ್ರಮ ಹುಟ್ಟಿದ ಹೊತ್ತಿನಲ್ಲಿಯೇ, 1930ರ ದಶಕದ ಕೊನೆಯ ಸುಮಾರಿಗೆ, ಮೈಸೂರಿನ ಬಳಿಯ ಬೆಳಗೊಳದಲ್ಲಿ ರಾಸಾಯನಿಕ ಗೊಬ್ಬರದ ಕಾರ್ಖಾನೆ ತಲೆಯೆತ್ತಿತು. ಚೀಲದ ಗೊಬ್ಬರ ಸಿಕ್ಕಿದ ಮೇಲೆ ತಿಪ್ಪೆಯನ್ನು ಕಾಯುವ ತಾಳ್ಮೆ ಸಡಿಲವಾಯಿತು. ಉಳುವ ಎತ್ತಿನ ಬದಲು ಟ್ರ್ಯಾಕ್ಟರು ಬಂದಲ್ಲಿ ಸಗಣಿಯೂ ಕಡಿಮೆಯಾಯಿತು. ಇವೆರಡಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಪ್ಲಾಸ್ಟಿಕ್ಕು. ಹಿಂದೆ ಮನೆಯಿಂದ ಹೊರಬಿದ್ದ ಪ್ರತಿಯೊಂದು ವಸ್ತುವೂ ಒಂದಲ್ಲ ಒಂದು ದಾರಿಯಿಂದ ಮಣ್ಣಿನಿಂದಲೇ ಬಂದದ್ದಾಗಿತ್ತು. ಆದುದರಿಂದ ತಿಪ್ಪೆಗೆ ಏನನ್ನು ಹಾಕಬಾರದೆಂಬ ವಿವೇಕವನ್ನು ಯಾರೂ ಕಲಿಯಬೇಕಾಗಿರಲಿಲ್ಲ. ಈಗ ಹಳೇಕೋಟೆಯಂಥ ಹೋಬಳಿಯ ತಿಪ್ಪೆಯಲ್ಲಿಯೂ ಶಾಂಪುವಿನ ಪೊಟ್ಟಣ, ಗುಟ್ಕಾದ ಚೀಟಿ, ಪಾಲಿಯೆಸ್ಟರ್ ಸೀರೆಯ ಚೂರು ಬೀಳುತ್ತವೆ. ಹತ್ತಿಯ ಚಿಂದಿಯಂತೆಯೇ ಕಾಣುವ ಈ ಚಿಂದಿ ನೇಗಿಲಿಗೆ ಸುತ್ತಿಕೊಳ್ಳುತ್ತದೆ.

ಪಟ್ಟಣದ ಕಥೆಯೂ ಇದೇ. ಊರಿನ ಕಸದಿಂದ ಗೊಬ್ಬರ ಮಾಡಲು ಬೆಂಗಳೂರಿನಲ್ಲಿ 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವನ್ನೇ ಸ್ಥಾಪಿಸಿದರು. ಆದರೆ ಬೆರಕೆಯಾಗಿ ಬಂದ ಕಸದಿಂದ ಒಳ್ಳೆಯ ಗೊಬ್ಬರವಾಗದು. ಗಾಜು, ಬ್ಯಾಟರಿ, ಸೂಜಿಗಳ ನಡುವಿನಿಂದ ಹಸಿಕಸವನ್ನು ಹೆಕ್ಕಬೇಕಾದರೆ ಮತ್ತೆ ಯಾರದೋ ಬರಿಗೈ ಒಳಗೆ ಹೋಗಬೇಕು. ಹೆಕ್ಕದೆ ಉಳಿದದ್ದು ಸುತ್ತಲ ಹಳ್ಳಿಗಳ ಮೇಲೆ ಬಿತ್ತು. ಮಂಡೂರಿನ ಜನ 2014ರಲ್ಲಿ ಬೀದಿಗಿಳಿದು ಲಾರಿಗಳನ್ನು ತಡೆಯಬೇಕಾಯಿತು. ಮನೆಯಲ್ಲಿಯೇ ಕಸವನ್ನು ಬೇರ್ಪಡಿಸಬೇಕೆಂದು 2016ರ ನಿಯಮಗಳು ವಿಧಿಸಿದವು. ಅನೇಕರು ಈಗ ಮಹಡಿಯ ಮೇಲೆ ಮಡಕೆಗಳನ್ನಿಟ್ಟು ಗೊಬ್ಬರ ಮಾಡಿಕೊಳ್ಳುತ್ತಾರೆ. ಅಂಥವರಿಗೆ ತಿಪ್ಪೆಯ ಚರಿತ್ರೆಯಿಂದ ದೊರೆಯುವ ಸಹಾಯ ಸಣ್ಣದೇನಲ್ಲ: ತೆಂಗಿನ ನಾರು, ಹತ್ತಿಯ ಬಟ್ಟೆ, ಊಟದ ಎಲೆ, ಕ್ಷೌರದ ಕೂದಲು ಎಲ್ಲವೂ ಕರಗುತ್ತವೆ. ಕೂದಲನ್ನೂ ಬಟ್ಟೆಯನ್ನೂ ಸಣ್ಣಗೆ ಕತ್ತರಿಸಿ, ಸಗಣಿನೀರಿನಲ್ಲಿ ನೆನೆಸಿ, ತರಗಿನ ನಡುವೆ ತೆಳ್ಳಗೆ ಹರಡಬೇಕು. ಮುದ್ದೆಯಾಗಿ ಹಾಕಿದರೆ ವರ್ಷ ಕಳೆದರೂ ಹಾಗೆಯೇ ಇರುತ್ತದೆ. ಬೂದಿ ಹಿಡಿಯಷ್ಟು ಸಾಕು. ಮನುಷ್ಯರ ಮಲವನ್ನು ಮಾತ್ರ ಮಹಡಿಯ ಮಡಕೆಗೆ ತರಬಾರದು. ಅಷ್ಟು ಸಣ್ಣ ಪಾತ್ರೆಯಲ್ಲಿ ರೋಗಾಣುಗಳನ್ನು ಕೊಲ್ಲುವಷ್ಟು ಬಿಸಿ ಏಳುವ ಭರವಸೆಯಿಲ್ಲ.

ಅದಕ್ಕೆ ಬೇರೆ ದಾರಿಯೊಂದನ್ನು ದೇವನಹಳ್ಳಿಯಲ್ಲಿ ಪರೀಕ್ಷಿಸಿದರು. ಒಳಚರಂಡಿಯಿಲ್ಲದ ಆ ಊರಿನ ಶೌಚಗುಂಡಿಗಳ ಕೆಸರನ್ನು ಪಂಪಿನ ಲಾರಿಗಳು ಮೊದಲಿನಿಂದಲೂ ಹೀರಿಕೊಂಡು ಹೋಗಿ ಸಿಕ್ಕಿದ ಕಡೆ ಸುರಿಯುತ್ತಿದ್ದವು. ಕೆಲವು ರೈತರು ಅದನ್ನು ಹಣ ಕೊಟ್ಟು ಹೊಲಕ್ಕೆ ಹಾಕಿಸಿಕೊಳ್ಳುತ್ತಿದ್ದರು. 2015ರಲ್ಲಿ ಅಲ್ಲಿ ಆ ಕೆಸರನ್ನು ಶುದ್ಧಮಾಡುವ ಒಂದು ಸ್ಥಾವರವನ್ನು ಕಟ್ಟಿದರು. ಲಾರಿ ಬಂದು ಕೆಸರನ್ನು ಇಳಿಸುತ್ತಿತ್ತು. ಅದು ತೊಟ್ಟಿಗಳಲ್ಲಿ ಹುಳಿತು, ಗಿಡ ನೆಟ್ಟ ಹಾಸುಗಳ ಮೇಲೆ ಒಣಗುತ್ತಿತ್ತು. ಒಣಗಿದ್ದನ್ನು ಮುಂದೆ ಊರಿನ ಹಸಿಕಸದೊಡನೆ ಸೇರಿಸಿ ಗೊಬ್ಬರ ಮಾಡಿದರು. ಊರಿನ ಕಸ, ಊರಿನ ಮಲ: ಆಚಾರ್ಯರ ಗುಂಡಿಗೆ ಇಳಿದ ಸಾಮಗ್ರಿಗಳು ಇವೇ. ತಲೆಯ ಮೇಲಿನ ಮಂಕರಿಯಿದ್ದ ಕಡೆ ಇಲ್ಲಿ ರಬ್ಬರಿನ ಕೊಳವೆಯಿತ್ತು.